ಮೂರು ಚುಕ್ಕೆ, ಒಂದು ಗೆರೆ

ಮನುಷ್ಯ ಬಾಯಿಂದ ಎಷ್ಟು ಸುಳ್ಳನ್ನಾದರೂ ಹೇಳಿಯಾನು, ಅವನ ಕಾಲರಿಗೆ ಮಾತ್ರ ಸುಳ್ಳು ಬರುವುದಿಲ್ಲ. ಇದು ನಾನು ಪುಸ್ತಕದಲ್ಲಿ ಓದಿದ ಮಾತಲ್ಲ. ಪುಸ್ತಕಕ್ಕೂ ನನಗೂ ಆರನೇ ಕ್ಲಾಸಿನಲ್ಲೇ ಮನಸ್ತಾಪವಾಗಿ ಇಬ್ಬರೂ ಬೇರೆಯಾದೆವು; ಆಮೇಲೆ ಅದೂ ನನ್ನನ್ನು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಆದರೆ ದಾವಣಗೆರೆಯ ವಿದ್ಯಾನಗರದಲ್ಲಿ ಲಾಂಡ್ರಿ ಇಟ್ಟುಕೊಂಡು ಕೂತ ನನಗೆ ಓದಲು ಬೇಕಾದಷ್ಟು ಕಾಲರುಗಳಿವೆ. ಕಾಲರಿನ ಒಳಗೆ ಕರ್ಚೀಫು ಮಡಚಿ ಇಟ್ಟುಕೊಂಡವನು ಬಸ್ ಕಂಡಕ್ಟರು. ಅದೇ ಕರ್ಚೀಫನ್ನು ಕುತ್ತಿಗೆಗೆ ಸುತ್ತಿಕೊಂಡವನು ಕಂಡಕ್ಟರನ ಹತ್ತಿರ ಟಿಕೆಟ್ ತೆಗೆದುಕೊಳ್ಳದವನು. ಬಿಳಿ ಕೋಟನ್ನು ಎಲ್ಲರಿಗೂ ಕಾಣುವಂತೆ ತೋಳಿನ ಮೇಲೆ ಹಾಕಿಕೊಂಡು ದೋಸೆ ಹೋಟೆಲಿಗೆ ಬರುವವನು ಮೆಡಿಕಲ್ ಮೊದಲನೇ ವರ್ಷ. ಅದನ್ನು ಚೀಲಕ್ಕೆ ತುರುಕಿಕೊಂಡು ಬರುವವನು ಕೊನೇ ವರ್ಷ. ಗರಡಿಗೆ ಹೋಗುವವರು ಅಂಗಿಯ ಮೇಲಿನ ಎರಡು ಗುಂಡಿ ಹಾಕುವುದಿಲ್ಲ, ಹಾಕಿದರೆ ಎದೆ ಹಿಡಿಸುವುದಿಲ್ಲವೆಂದು ನಾವು ತಿಳಿದುಕೊಳ್ಳಲಿ ಎಂದು. ಅಕ್ಕಿ ವ್ಯಾಪಾರದ ಯಜಮಾನರ ಪಂಚೆಗೆ ಎಷ್ಟು ಗಂಜಿ ಬೇಕೆಂದರೆ, ಯಜಮಾನರು ಕೂತರೂ ಪಂಚೆ ನಿಂತೇ ಇರಬೇಕು. ಊರ ಹೊರಗಿನ ಕರೂರಿನ ಕಾರ್ಖಾನೆಗಳಿಗೆ ಹೋಗುವವರು ಭಾನುವಾರ ಮಾತ್ರ ಬಿಳಿ ಅಂಗಿ ಹಾಕುತ್ತಾರೆ. ಆ ದಿನ ಅವರು ಯಾರನ್ನೂ ಮುಟ್ಟುವುದಿಲ್ಲ, ಹೆತ್ತ ಮಕ್ಕಳನ್ನೂ ಎತ್ತಿಕೊಳ್ಳುವುದಿಲ್ಲ. ಒಟ್ಟಿನಲ್ಲಿ ಬಟ್ಟೆಯೆಂದರೆ ಮೈ ಮುಚ್ಚುವುದಕ್ಕೆ ಅಂತ ತಿಳಿದವರು ಯಾರೂ ಬಟ್ಟೆ ಒಗೆದವರಲ್ಲ.

ನನ್ನ ಹೆಸರು ಹಾಲೇಶಿ. ನನಗೆ ಸ್ವಲ್ಪ ಜಂಬ ಜಾಸ್ತಿ ಎಂದು ನನ್ನ ಹೆಂಡತಿ ಗಿರಿಜ ಹೇಳುತ್ತಾಳೆ. ಸ್ವಲ್ಪ ಎಂದದ್ದು ಅವಳ ದೊಡ್ಡಗುಣ. ಮೂವತ್ತು ವರ್ಷದ ದುಡಿಮೆಯಲ್ಲಿ ಒಬ್ಬರ ಬಟ್ಟೆ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ ಎಂದು ನಾನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳಬೇಕು, ಯಾರೂ ಸಿಗದಿದ್ದರೆ ಇಸ್ತ್ರಿಪೆಟ್ಟಿಗೆಗೆ ಹೇಳಬೇಕು. ಅದರ ಗುಟ್ಟು ಇರುವುದು ಗುರುತಿನಲ್ಲಿ. ಕೇರುಬೀಜಕ್ಕೆ ಸೂಜಿ ಚುಚ್ಚಿದರೆ ಕಪ್ಪಗೆ ರಸ ಬರುತ್ತದೆ. ಅದರಿಂದ ಕಾಲರಿನ ಮಡಿಕೆಯ ಅಡಿಯಲ್ಲಿ ಚುಕ್ಕೆಯೋ ಗೆರೆಯೋ ಇಟ್ಟು ಸುಣ್ಣ ಮುಟ್ಟಿಸಿದರೆ, ಆ ಬಟ್ಟೆ ಹರಿದು ನೆಲ ಒರೆಸುವ ಅರಿವೆಯಾದರೂ ಗುರುತು ಹೋಗುವುದಿಲ್ಲ. ಮನೆಗೊಂದು ಗುರುತು. ಎರಡು ಓರೆಗೆರೆಯ ನಡುವೆ ಚುಕ್ಕೆ ಎಂದರೆ ಲಾಯರ ಮನೆ, ಓರೆಗೆರೆಯ ಪಕ್ಕ ಚುಕ್ಕೆ ಎಂದರೆ ಮೇಷ್ಟ್ರ ಮನೆ. ಬರೆದವನು ನಾನು, ಓದುವವನು ನಾನು. ಅಕ್ಷರ ಬಾರದವರ ಮನೆಯಲ್ಲಿ ಹುಟ್ಟಿದ ಅಕ್ಷರ ಇದು.

ಈ ಗುರುತುಗಳಲ್ಲಿ ಒಂದನ್ನು ಮಾತ್ರ ಯಾವ ಮನೆಗೂ ಕೊಡುವಂತಿಲ್ಲ. ಮೂರು ಚುಕ್ಕೆ, ಅದರ ಕೆಳಗೆ ಒಂದು ಅಡ್ಡಗೆರೆ. ನಮ್ಮ ಅಪ್ಪ, ದೊಡ್ಡಪ್ಪ ಹರಿಹರದ ಹೊಳೆದಂಡೆಯಲ್ಲಿ ಒಗೆಯುತ್ತಿದ್ದ ಕಾಲಕ್ಕೆ ಯಾರದಾದರೂ ಮನೆಯಲ್ಲಿ ಸಾವಾದರೆ ಸತ್ತವರ ಮೈಮೇಲಿದ್ದ ಬಟ್ಟೆ ನಮ್ಮ ಮನೆಗೆ ಬರುತ್ತಿತ್ತು. ಅದು ನಮ್ಮ ಹಕ್ಕು. ಬಂದ ಕೂಡಲೇ ಅದಕ್ಕೆ ಈ ಗುರುತು ಬೀಳುತ್ತಿತ್ತು, ಮತ್ತೆ ಅದು ಬದುಕಿದವರ ಬಟ್ಟೆಯ ಜೊತೆ ಒಂದೇ ಕಲ್ಲಿನ ಮೇಲೆ ಬೀಳಬಾರದೆಂದು. ನಮ್ಮ ದೊಡ್ಡಪ್ಪನ ಹೆಂಡತಿ, ಅಂದರೆ ದೊಡ್ಡವ್ವ, ಇದಕ್ಕೆ ಎರಡು ಕಟ್ಟಳೆ ಹೇಳುತ್ತಿದ್ದಳು. ಒಂದು, ಆ ಬಟ್ಟೆಯ ಹತ್ತಿರ ಅದರ ಯಜಮಾನನ ಹೆಸರು ಹಿಡಿದು ಕರೆಯಬಾರದು. ಕರೆದರೆ ಅವನು 'ಓ' ಅನ್ನುತ್ತಾನೆ. ಎರಡು, ಈ ಗುರುತು ಒಮ್ಮೆ ಬಿತ್ತೆಂದರೆ ಬಿತ್ತು. ಹಾಕಿದವನೇ ಹೊಳೆಯ ಮುಂದೆ ನಿಂತು 'ತಪ್ಪಾಯ್ತು' ಎನ್ನದ ಹೊರತು ಆ ಬಟ್ಟೆಯ ಒಡೆಯ ಬದುಕಿದವರ ಲೆಕ್ಕಕ್ಕೆ ಬರುವುದಿಲ್ಲ. ಇದನ್ನೆಲ್ಲ ಕೇಳಿ ನಾವು ಮಕ್ಕಳು ನಗುತ್ತಿದ್ದೆವು, ಹಗಲು ಹೊತ್ತಿನಲ್ಲಿ.

ಆ ಬಟ್ಟೆಗಳನ್ನು ಏನು ಮಾಡುತ್ತಿದ್ದರು ಎಂದು ನೀವು ಕೇಳಬಹುದು. ಚೆನ್ನಾಗಿದ್ದರೆ ನಾವೇ ಹಾಕಿಕೊಳ್ಳುತ್ತಿದ್ದೆವು. ಆರನೇ ಕ್ಲಾಸಿನಲ್ಲಿ ನನಗೊಂದು ಚೌಕುಳಿ ಅಂಗಿ ಸಿಕ್ಕಿತು. ಅವ್ವ ತೋಳು ಕತ್ತರಿಸಿ ಅಳತೆಗೆ ಹೊಲಿದಿದ್ದಳು. ಕಾಲರು ಮಾತ್ರ ಹಾಗೇ ಇತ್ತು. ಹಿಂದಿನ ಬೆಂಚಿನ ಹುಡುಗ ಒಂದು ದಿನ ಅದನ್ನು ಎತ್ತಿ ನೋಡಿ, "ಸಾರ್, ಇದು ನಮ್ಮಜ್ಜನ ಅಂಗಿ ಸಾರ್, ಸಾಯೋವಾಗ ಹಾಕ್ಕಂಡಿದ್ದು!" ಎಂದು ಕಿರುಚಿದ. ಮೇಷ್ಟ್ರು ಸುಮ್ಮನಿರು ಎಂದರು. ಅವನು ಸುಮ್ಮನಿರುವ ಪೈಕಿಯಲ್ಲ. ನನ್ನ ಬೆನ್ನಿಗೆ ಬಾಯಿಟ್ಟು ಅಜ್ಜನ ಹೆಸರು ಹಿಡಿದು ಕರೆದ. ನಾನು "ಓ" ಅಂದೆ. ಯಾಕೆ ಅಂದೆನೋ ಇವತ್ತಿಗೂ ನನಗೆ ಗೊತ್ತಿಲ್ಲ. ಅರ್ಧ ಕ್ಲಾಸು ನಕ್ಕಿತು, ಇನ್ನರ್ಧ ನಗಲಿಲ್ಲ. ನಗದೇ ಇದ್ದವರ ಮುಖವೇ ನನಗೆ ಈಗಲೂ ನೆನಪಿರುವುದು. ಆ ಹುಡುಗನಂತೂ ಅಳಲು ಶುರುಮಾಡಿದ. ನಾನು ಚೀಲ ಎತ್ತಿಕೊಂಡು ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಇನ್ನೊಬ್ಬರು ಹಾಕಿದ ಅಂಗಿಯನ್ನು ಈ ಜನ್ಮದಲ್ಲಿ ಹಾಕುವುದಿಲ್ಲ ಎಂದು ಅವತ್ತೇ ಹೇಳಿಬಿಟ್ಟೆ. ಅಂದಿನಿಂದ ನನ್ನದು ಅಂಗಡಿಯಿಂದ ಹರಿಸಿ ತಂದ ಹೊಸ ಬಟ್ಟೆ, ನನ್ನ ಅಳತೆ, ನನ್ನ ದುಡಿಮೆ. ನನ್ನ ಅಂಗಿಗೆ ಗುರುತೂ ಇಲ್ಲ. ಊರಿನ ಬಟ್ಟೆಗೆಲ್ಲ ಗುರುತು ಇಡುವವನ ಬಟ್ಟೆಗೆ ಗುರುತು ಯಾಕೆ?

ಇಷ್ಟು ಜಂಬದ ಮನುಷ್ಯ ಜಾರಿಬಿದ್ದ ಕತೆ ಇನ್ನು ಮುಂದಿದೆ. ನಮ್ಮ ಊರು ಹೊಸದಾಗಿ ಜಿಲ್ಲೆಯಾದ ಮರುವರ್ಷ ಹತ್ತಿರದ ಒಂದು ಹಾಸ್ಟೆಲಿನ ಹುಡುಗರೆಲ್ಲ ನನ್ನ ಅಂಗಡಿಗೆ ಬಟ್ಟೆ ಹಾಕಲು ಶುರುಮಾಡಿದರು. ಅಷ್ಟು ಜನಕ್ಕೆ ಗುರುತು ಹುಡುಕುವುದೆಲ್ಲಿಂದ? ಒಂದು ಇಡೀ ಸಂಜೆ ಯೋಚಿಸಿ ಹೊಸ ಲೆಕ್ಕ ಕಟ್ಟಿದೆ. ರೂಮು ಎಷ್ಟನೆಯದೋ ಅಷ್ಟು ಚುಕ್ಕೆ. ಕೆಳಗಿನ ಅಂತಸ್ತಾದರೆ ಒಂದು ಗೆರೆ, ಮೇಲಿನದಾದರೆ ಎರಡು. ಇಂಜಿನಿಯರಿಂಗ್ ಓದುವವರೂ ಇಷ್ಟು ಚೆನ್ನಾಗಿ ಲೆಕ್ಕ ಕಟ್ಟಲಾರರು ಎಂದು ಗಿರಿಜಳಿಗೆ ಹೇಳಿದೆ. ಅವಳು, "ಹೌದ್ರಿ, ಅವರಿಗೆ ಪರೀಕ್ಷೆ ಇರ್ತೈತೆ, ನಿಮಗೆ ಅದೂ ಇಲ್ಲ," ಎಂದಳು. ನಾನು ಹೆಮ್ಮೆಯಿಂದ ಎಲ್ಲ ಅಂಗಿಗಳಿಗೂ ಸೂಜಿ ಹಿಡಿದೆ. ಕೆಳಗಿನ ಅಂತಸ್ತು, ಮೂರನೇ ರೂಮು ಎಂದರೆ ಮೂರು ಚುಕ್ಕೆ, ಒಂದು ಗೆರೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕೈ ತನ್ನಷ್ಟಕ್ಕೆ ಹಾಕಿಬಿಟ್ಟಿತ್ತು. ಅಭ್ಯಾಸವಿದ್ದ ಕೈ.

ಆ ರೂಮಿನಲ್ಲಿದ್ದವನು ಚೇತನ್ ಎಂಬ ಬಳ್ಳಾರಿ ಕಡೆಯ ಹುಡುಗ. ಹೆಗಲವರೆಗೆ ಕೂದಲು, ಒಂದೇ ಕಿವಿಗೆ ರಿಂಗು, ಇಬ್ಬರು ಹಿಡಿಸುವಂಥ ಪ್ಯಾಂಟು. ಇವನದೊಂದು ಗುಂಪಿತ್ತು. ಅವರೆಲ್ಲ ಗಿಟಾರಿನ ಕ್ಯಾಸೆಟ್ಟು ಕೇಳುವವರು, ತಲೆಬುರುಡೆಯ ಚಿತ್ರವಿರುವ ಕಪ್ಪು ಟೀಶರ್ಟು ಹಾಕುವವರು. ಒಗೆಯುವಾಗ ಆ ಬುರುಡೆಗಳು ಬಕೆಟ್ಟಿನಿಂದ ನನ್ನನ್ನೇ ನೋಡುತ್ತಿದ್ದವು; ನಾನು ಅವನ್ನು ಮಗುಚಿ ಹಾಕುತ್ತಿದ್ದೆ. ಅದಕ್ಕೇನೂ ನಾನು ಹೆದರಿದವನಲ್ಲ. ಅಚ್ಚು ಹಾಕಿದ ಬುರುಡೆಗೆ ಯಾರು ಹೆದರುತ್ತಾರೆ? ಆದರೆ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿರುವಾಗ ಚೇತನ್ ರಸ್ತೆಯಲ್ಲಿ ಬೆನ್ನು ಮಾಡಿ ಹೋಗುತ್ತಿದ್ದ. ಬೂದಿ ಬಣ್ಣದ ಅಂಗಿ. ಕಾಲರನ್ನು ಮೇಲಕ್ಕೆ ಎತ್ತಿ ನಿಲ್ಲಿಸಿದ್ದ. ಅದರ ಮೇಲೆ ಕಪ್ಪಗೆ, ದೊಡ್ಡದಾಗಿ, ನನ್ನದೇ ಕೈಯ ಮೂರು ಚುಕ್ಕೆ, ಒಂದು ಗೆರೆ. ಬೀಗದ ಕೈ ನನ್ನ ಕೈಯಿಂದ ಜಾರಿಬಿತ್ತು. ಮೂವತ್ತು ವರ್ಷದ ಹಿಂದೆ ಕ್ಲಾಸಿನಲ್ಲಿ ನಾನು ಕುತ್ತಿಗೆ ಕುಗ್ಗಿಸಿ ಮುಚ್ಚಿಕೊಳ್ಳುತ್ತಿದ್ದುದನ್ನು ಇವನು ಧ್ವಜದಂತೆ ಎತ್ತಿಕೊಂಡು ಹೋಗುತ್ತಿದ್ದ.

ಮರುದಿನ ಮೇಲಿನ ಅಂತಸ್ತಿನ ಒಬ್ಬ ಹುಡುಗ ತನ್ನ ಕಪ್ಪು ಟೀಶರ್ಟಿನ ಬೆನ್ನಿಗೆ ಬಿಳಿ ಬಣ್ಣದಲ್ಲಿ ಅದನ್ನೇ ಬರೆದುಕೊಂಡು ಬಂದ. ಆ ವಾರದಲ್ಲಿ ಐದು ಜನ. ಟೋಪಿಯ ಮೇಲೆ, ಬೈಕಿನ ಟ್ಯಾಂಕಿನ ಮೇಲೆ, ಚಹಾದಂಗಡಿಯ ಗೋಡೆಯ ಮೇಲೆ. ಯಾವ ರಸ್ತೆಗೆ ಹೋದರೂ ಮುಂದೆ ನಡೆಯುವವನ ಬೆನ್ನಿನಲ್ಲಿ ಅದೇ. ಜೀವಂತ ಹುಡುಗರು ನಗುತ್ತಾ, ಜಗಳವಾಡುತ್ತಾ, ಬೆಣ್ಣೆದೋಸೆಗೆ ಕಾಯುತ್ತಾ ನಿಂತಿದ್ದಾರೆ, ಎಲ್ಲರ ಮೇಲೂ ಆ ಗುರುತು. ಒಂದು ಮಧ್ಯಾಹ್ನ ನಮ್ಮ ರಸ್ತೆಯಲ್ಲಿ ಒಂದು ಹೆಣ ಹೋಯಿತು. ಹುಡುಗರು ಮರ್ಯಾದೆಗೆ ಮಾತು ನಿಲ್ಲಿಸಿ ಪಕ್ಕಕ್ಕೆ ಸಾಲಾಗಿ ನಿಂತರು, ಹೆಣ ನೋಡಬಾರದೆಂದು ಬೆನ್ನು ತಿರುಗಿಸಿ. ಹೆಣದ ಹಿಂದೆ ಹೋಗುತ್ತಿದ್ದ ನಮ್ಮವನೇ ಒಬ್ಬ ಮುದುಕ ಆ ಬೆನ್ನುಗಳನ್ನು ನೋಡಿ ನಿಂತುಬಿಟ್ಟ. ಒಂದೊಂದಾಗಿ ಎಣಿಸಿದ. ಆಮೇಲೆ ಚಪ್ಪಲಿ ಬಿಟ್ಟು ಎಲ್ಲರಿಗೂ ಸೇರಿಸಿ ಒಂದು ಕೈಮುಗಿದು, ಹೆಣದ ಹಿಂದೆ ಹೋಗುವುದನ್ನು ಬಿಟ್ಟು, ಬಂದ ದಾರಿಯಲ್ಲೇ ಬೇಗಬೇಗ ವಾಪಸು ಹೋದ. ಚಪ್ಪಲಿ ಅಲ್ಲೇ ಉಳಿಯಿತು.

ಇನ್ನು ತಡೆಯಲಾಗದೆ ಚೇತನನನ್ನು ಅಂಗಡಿಯೊಳಕ್ಕೆ ಕರೆದು ಕೂರಿಸಿದೆ. "ನೋಡಪ್ಪಾ, ಆ ಗುರುತು ಒಳ್ಳೇದಲ್ಲ. ಸತ್ತೋರ ಬಟ್ಟಿಗೆ ಹಾಕೋದು," ಎಂದೆ. ಅವನ ಕಣ್ಣು ಅರಳಿತು. "ಸತ್ತೋರಿಗಾ? ಅಂಕಲ್, ನಿಜವಾಗ್ಲೂ?" ಎಂದ. ಹುಡುಗ ಹೆದರಿದ ಎಂದು ನನಗೆ ಸಮಾಧಾನವಾಯಿತು. ಅವನು ಎದ್ದು ಹೊರಗೆ ಓಡಿ, "ಲೇ, ಬರ್ರೋ ಇಲ್ಲಿ! ಅಂಕಲ್ ಏನ್ ಹೇಳ್ತಿದಾರೆ ಕೇಳ್ರೋ! ಇದು ಹೆಣದ್ ಗುರುತಂತೆ! ಮಸ್ತ್ ಐತಲ್ಲೋ!" ಎಂದು ಕೂಗಿದ. ಮುಂದಿನ ಸೋಮವಾರದ ಹೊತ್ತಿಗೆ ಪಕ್ಕದ ಹಾಸ್ಟೆಲಿನವರೂ ಹಾಕಿಕೊಂಡಿದ್ದರು. ಬಟ್ಟೆಯ ವಿಚಾರದಲ್ಲಿ ನಾನು ಕಲಿತ ಹೊಸ ಪಾಠ ಇದು: ಹುಡುಗರಿಗೆ ಒಂದು ಗುರುತನ್ನು ಬಿಡಿಸಬೇಕೆಂದರೆ ಅದು ಭಯದ್ದು ಎನ್ನಬಾರದು, ಮೇಷ್ಟ್ರಿಗೆ ಬಹಳ ಇಷ್ಟ ಎನ್ನಬೇಕು. ಆದರೆ ಹೋಗುವ ಮುಂಚೆ ಚೇತನ್ ತಿರುಗಿ ಒಂದು ಪ್ರಶ್ನೆ ಕೇಳಿದ್ದ. "ಹಂಗಾದ್ರೆ ನನ್ನ ಅಂಗಿಗೆ ಯಾಕ್ ಹಾಕಿದ್ರಿ ಅಂಕಲ್?" ತಪ್ಪಾಯಿತು ಎಂಬ ನಾಲ್ಕಕ್ಷರದ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಲಾಯರು ಕೋಟು ಒಯ್ಯಲು ಬಂದು ನಿಂತಿದ್ದರು. ಅವರಿಗೆ ಹಿಂದಿನ ದಿನವಷ್ಟೇ ನನ್ನ ಮೂವತ್ತು ವರ್ಷದ ಕತೆ ಹೇಳಿದ್ದೆ. "ಅದು ಹಾಸ್ಟೆಲ್ ಲೆಕ್ಕ, ಬ್ಯಾರೆ," ಎಂದು ಬಿಗಿಯಾಗಿ ಹೇಳಿ ಇಸ್ತ್ರಿಪೆಟ್ಟಿಗೆಯ ಕೆಂಡ ಊದತೊಡಗಿದೆ.

ಗಿರಿಜಳಿಗೆ ಮಾತ್ರ ಎಲ್ಲ ಹೇಳಿದೆ. ಅವಳು, "ಆ ಹುಡುಗಗೆ ಏನಾದ್ರೂ ಆದ್ರೆ ಏನ್ ಮಾಡ್ತೀರಿ?" ಎಂದಳು. "ಏನಾಗ್ತೈತೆ? ನೀನು ಇದನ್ನೆಲ್ಲಾ ನಂಬ್ತೀಯೇನು?" ಎಂದು ಗದರಿದೆ. "ನಾನು ನಂಬಲ್ರಿ. ನೀವು ನಾಲ್ಕು ದಿನದಿಂದ ಊಟ ಬಿಟ್ಟಿದ್ದಕ್ಕೆ ಕೇಳಿದೆ," ಎಂದಳು.

ಆ ಭಾನುವಾರ ಬೆಳಿಗ್ಗೆ ಚೇತನ್ ಬೈಕು ನಿಲ್ಲಿಸಿ, "ಹರಿಹರಕ್ಕೆ ಹೋಗ್ತೀವಿ ಅಂಕಲ್, ಹೊಳ್ಯಾಗೆ ಈಜಾಕೆ," ಎಂದು ಹೇಳಿ ಹೋದ. ಬೂದಿ ಬಣ್ಣದ ಅಂಗಿ, ಎತ್ತಿದ ಕಾಲರು. ಹಿಂದೆ ಇನ್ನೊಂದು ಬೈಕಿನಲ್ಲಿ ಇಬ್ಬರು ಗೆಳೆಯರು. ಮಳೆಗಾಲ ಆಗಷ್ಟೇ ಮುಗಿದಿತ್ತು, ಹೊಳೆಯಲ್ಲಿ ನೀರು ಇಳಿದಿರಲಿಲ್ಲ. ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಬೈಕು ಆಗಲೇ ತಿರುವು ದಾಟಿತ್ತು.

ಹನ್ನೊಂದರ ಸುಮಾರಿಗೆ ಪಕ್ಕದ ಎಸ್‌ಟಿಡಿ ಬೂತಿನ ರುದ್ರಪ್ಪ, "ಹಾಲೇಶಣ್ಣಾ, ಹರಿಹರದಿಂದ ಫೋನು!" ಎಂದು ಕೂಗಿದ. ಫೋನಿನಲ್ಲಿದ್ದವಳು ದೊಡ್ಡವ್ವ. ಅವಳು ಫೋನು ಹಿಡಿದದ್ದು ಅದೇ ಮೊದಲು. ಹರಿಹರದಿಂದ ದಾವಣಗೆರೆಗೆ ಕೇಳಬೇಕಲ್ಲ ಎಂದು ದಂಡೆಯಿಂದ ದಂಡೆಗೆ ಕೂಗುವಂತೆ ಕೂಗುತ್ತಿದ್ದಳು. "ಲೇ ಹಾಲೇಶಿ! ನಿನ್ನ ಕೈಗುರುತಿನ ಅಂಗಿ ಹೊಳಿ ಬಂಡೆಗಲ್ಲಿನ ಮ್ಯಾಲೆ ಸಿಕ್ಕೈತೆ. ಬೂದಿ ಬಣ್ಣದ್ದು. ಮೂರು ಚುಕ್ಕಿ, ಒಂದು ಗೀಟು. ಅಂಗಿ ಐತೆ, ಆಸಾಮಿ ಇಲ್ಲ. ಯಾರ ಮನ್ಯಾಗಪ್ಪಾ ಸಾವು?" ನಾನು ಏನಾದರೂ ಹೇಳುವ ಮುಂಚೆ ಲೈನು ಕಟ್ಟಾಯಿತು. ರುದ್ರಪ್ಪ, "ಏನಣ್ಣಾ, ಮುಖ ಗಂಜಿ ಹಾಕಿದಂಗೆ ಆಗೈತೆ?" ಎಂದ. ನಾನು ಅಂಗಡಿಯನ್ನು ಗಿರಿಜಳಿಗೆ ಬಿಟ್ಟು ಬಸ್ಸು ಹತ್ತಿದೆ.

ದಾವಣಗೆರೆಯಿಂದ ಹರಿಹರಕ್ಕೆ ಅರ್ಧ ಗಂಟೆಯ ದಾರಿ. ಅವತ್ತು ಅದು ಮುಗಿಯಲೇ ಇಲ್ಲ. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಹುಡುಗ ಕೂತಿದ್ದ. ಅವನ ಟೀಶರ್ಟಿನ ಬೆನ್ನಿಗೂ ಅದೇ ಗುರುತು. ಅರ್ಧ ಗಂಟೆ ಅದನ್ನು ನೋಡುತ್ತಾ ಕೂತೆ. ಹುಡುಗ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದ್ದ, ಉಸಿರಾಡುತ್ತಿದ್ದಾನೋ ಇಲ್ಲವೋ ಬಸ್ಸಿನ ಅಲುಗಾಟದಲ್ಲಿ ತಿಳಿಯುತ್ತಿರಲಿಲ್ಲ. ಒಮ್ಮೆ ಅವನ ಹೆಗಲು ಮುಟ್ಟಲು ಕೈ ಚಾಚಿದೆ. ತಣ್ಣಗಿದ್ದರೆ ಏನು ಮಾಡುವುದು ಎಂದು ಹಿಂದಕ್ಕೆ ತೆಗೆದುಕೊಂಡೆ. ಬಳ್ಳಾರಿ ಕಡೆ ಯಾವುದೋ ಊರಿನಲ್ಲಿ ಚೇತನನ ತಾಯಿ ಇದ್ದಾಳಲ್ಲ, ಅವಳ ಮುಂದೆ ನಿಂತು ಹಾಸ್ಟೆಲ್ ಲೆಕ್ಕ ಬೇರೆ ಎಂದು ಹೇಗೆ ಹೇಳುವುದು ಎಂದು ಯೋಚಿಸಿದೆ. ಲೆಕ್ಕ ಕೂಡಲಿಲ್ಲ.

ಹೊಳೆದಂಡೆಯಲ್ಲಿ ಐದಾರು ಜನ ನಮ್ಮವರು ಬಟ್ಟೆ ಒಗೆಯುತ್ತಿದ್ದರು. ಅವರಿಂದ ದೂರದಲ್ಲಿ, ಯಾರೂ ಒಗೆಯದ ಒಂದು ಕಲ್ಲಿನ ಪಕ್ಕ, ದೊಡ್ಡವ್ವ ಹೊಳೆಗೆ ಮುಖ ಮಾಡಿ ಕೂತಿದ್ದಳು. ಅಂಗಿಯ ಗಂಟು ಅವಳ ತೊಡೆಯ ಕೆಳಗಿತ್ತು. ಅವಳ ಹಿಂದೆ ಎರಡು ಮಾರು ದೂರದಲ್ಲಿ, ಒದ್ದೆ ಪ್ಯಾಂಟಿನಲ್ಲಿ, ಬರಿಮೈಯಲ್ಲಿ, ಕೈ ಕಟ್ಟಿಕೊಂಡು ಗಡಗಡ ನಡುಗುತ್ತಾ ಚೇತನ್ ನಿಂತಿದ್ದ.

ನನ್ನನ್ನು ನೋಡಿದ ಕೂಡಲೇ, "ಅಂಕಲ್! ನೀವಾದ್ರೂ ಹೇಳ್ರಿ ಇವರಿಗೆ!" ಎಂದ. "ಆಚೆ ದಂಡಿಗೆ ಈಜಿ ಬರೋದ್ರಾಗೆ ಅಂಗಿ ತಗಂಡುಬಿಟ್ಟಾರೆ. ಒಂದು ತಾಸಿಂದ ಕೇಳ್ತಿದೀನಿ, ನನ್ನ ಕಡೆ ನೋಡೋದೂ ಇಲ್ಲ ಅಜ್ಜಿ. ಬೈಕಿನ ಕೀ ಜೇಬಿನಾಗೆ ಐತೆ." ಗೆಳೆಯರಿಬ್ಬರೂ ನಕ್ಕು ನಕ್ಕು ಸಾಕಾಗಿ ಮಂಡಕ್ಕಿ ತಿನ್ನಲು ಹೋಗಿದ್ದರಂತೆ.

ದೊಡ್ಡವ್ವ ತಿರುಗಲಿಲ್ಲ. "ಹಾಲೇಶಿ, ಬಂದ್ಯಾ? ಆಗಿನಿಂದ ಗಾಳ್ಯಾಗೆ ಏನೋ ದನಿ ಬರ್ತೈತೆ. ನೀನು ಓಗೊಡಬ್ಯಾಡ," ಎಂದಳು.

"ಅಜ್ಜಿ, ನಾನು ಬದುಕಿದೀನ್ರಿ!"

"ಎಲ್ಲಾರೂ ಹಂಗೇ ಅಂತಾರೆ," ಎಂದಳು ದೊಡ್ಡವ್ವ, ನೀರಿಗೆ.

ನನಗೆ ಬಸ್ಸಿನಿಂದ ಕಟ್ಟಿಕೊಂಡು ಬಂದಿದ್ದ ಉಸಿರು ಒಮ್ಮೆಲೇ ಬಿಟ್ಟಿತು. ಬದುಕಿದ್ದಾನೆ. ಇನ್ನೇನು, ನಗುವುದಷ್ಟೇ ಬಾಕಿ ಎಂದುಕೊಂಡು, "ದೊಡ್ಡವ್ವ, ಹುಡುಗ ಇಲ್ಲೇ ಅದಾನಲ್ಲೇ, ಅಂಗಿ ಕೊಡು," ಎಂದೆ. ಅವಳು ಅಲುಗಲಿಲ್ಲ. "ಗುರುತು ನೀನೇ ಹಾಕಿದ್ದೇನು?" ಎಂದಳು. ಹೂಂ ಎಂದೆ. "ತಿಳಿದು ಹಾಕಿದ್ಯೋ, ತಪ್ಪಿ ಹಾಕಿದ್ಯೋ?"

ನೋಡಿ, ಇಷ್ಟೇ ಪ್ರಶ್ನೆ. ಒಗೆಯುತ್ತಿದ್ದವರ ಕೈ ನಿಂತಿತ್ತು; ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಅಮಾವಾಸ್ಯೆಗೆ ಹರಿಹರಕ್ಕೆ ಬಂದಾಗಲೆಲ್ಲ ಇವರ ಮುಂದೆಯೇ ನಾನು, ಹೊಳೆ ಬಿಟ್ಟು ಪಟ್ಟಣ ಸೇರಿದ ಹಾಲೇಶಿ, ಒಂದು ಗುರುತು ತಪ್ಪದ ಹಾಲೇಶಿ ಎಂದು ಎದೆಯುಬ್ಬಿಸಿ ಕೂರುತ್ತಿದ್ದೆ. ತಿಳಿದೇ ಹಾಕಿದೆ ಎಂದರೆ ನನ್ನ ಹೆಸರು ಉಳಿಯುತ್ತದೆ. ಹುಡುಗನಿಗೆ ಏನು ಹೋಗುತ್ತದೆ? ಒಂದು ಅಂಗಿ. ಕೀಲಿ ಹೇಗಾದರೂ ಕೊಡಿಸಿದರಾಯಿತು. ಬದುಕಿರುವವನು ಮುದುಕಿಯೊಬ್ಬಳ ಲೆಕ್ಕದಲ್ಲಿ ಸತ್ತರೆ ಸತ್ತಾನೆಯೇ? ಹೀಗೆಂದು ನನಗೆ ನಾನೇ ಹೇಳಿಕೊಂಡು ಚೇತನನ ಕಡೆ ನೋಡಿದೆ. ಅವನ ತುಟಿ ನೀಲಿಯಾಗಿತ್ತು. ನನ್ನನ್ನೇ ನೋಡುತ್ತಾ ಏನೋ ಹೇಳುತ್ತಿದ್ದ, ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸಲಿಲ್ಲ. ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು; ಅದಕ್ಕೇ ಇರಬೇಕು, ನಾನು ತಡಮಾಡಿದಷ್ಟೂ ಅವನು ತೆಳ್ಳಗಾಗುತ್ತಾ ಹೋದ. ನೂರು ಸಲ ಒಗೆದ ಮಲ್ಲು ಬಟ್ಟೆಯ ಹಾಗೆ. ಅವನ ಎದೆಯಿದ್ದ ಜಾಗದಲ್ಲಿ ಆಚೆ ದಂಡೆಯ ಮರಗಳು ಕಂಡವೆಂದು ಹೇಳಿದರೆ ನೀವು ನಂಬಬೇಡಿ. ನಾನೂ ನಂಬುವುದಿಲ್ಲ. ಆದರೆ ಕಂಡವು.

"ತಪ್ಪಾಯ್ತು ದೊಡ್ಡವ್ವ!" ಎಂದೆ.

"ನನಗಲ್ಲ, ಹೊಳಿಗೆ ಹೇಳು. ಕೇಳೋಹಂಗೆ ಹೇಳು."

ಹೊಳೆಗೆ ಹೇಳಿದೆ. ಅವಳು ಸಾಲದು ಎಂದಳು. ಎರಡನೇ ಸಲ ಕೂಗಿದೆ. ಮೂರನೇ ಸಲ ಕೂಗಿದ್ದು ಆಚೆ ದಂಡೆಗೂ ಕೇಳಿರಬೇಕು, ಅಲ್ಲಿಂದ ಯಾರೋ 'ಓ' ಎಂದಂತಾಯಿತು. ಒಗೆಯುತ್ತಿದ್ದವರಲ್ಲಿ ಒಬ್ಬ, "ಪ್ಯಾಟಿ ಹಾಲೇಶಿನೂ ತಪ್ತಾನಪ್ಪೋ!" ಎಂದು ನಕ್ಕ, ಬಟ್ಟೆ ಬಡಿಯುವ ಸದ್ದು ಮತ್ತೆ ಶುರುವಾಯಿತು. ದೊಡ್ಡವ್ವ ಸೆರಗು ಸರಿಮಾಡಿಕೊಂಡು, ನಿಧಾನವಾಗಿ ತಿರುಗಿ, ಮೊದಲ ಬಾರಿಗೆ ಚೇತನನನ್ನು ನೋಡಿದಳು. "ಅಯ್ಯ, ಯಾವಾಗ ಬಂದ್ಯೋ ಯಪ್ಪಾ? ಯಾಕ ಹಂಗ ನಡುಗ್ತೀಯ? ಬಾ, ಬಿಸಿಲಿಗೆ ಕೂಡ್ರು," ಎಂದಳು. ಅವನು ಅಲ್ಲೇ ಕುಸಿದು ಕೂತು ಸಣ್ಣ ಮಗುವಿನಂತೆ ಅಳತೊಡಗಿದ. ಕಿವಿಯ ರಿಂಗು ಮಾತ್ರ ಅಲುಗಾಡುತ್ತಿತ್ತು.

ಕೀಲಿ ಕೊಟ್ಟಳು, ಅಂಗಿ ಕೊಡಲಿಲ್ಲ. "ಹುಡುಗ ಅವರದು, ಅಂಗಿ ನಮ್ದು. ಗುರುತು ಹಾಕಿದೋನೇ ತೊಡಬೇಕು," ಎಂದು ನನ್ನ ಕೈಗೆ ಹಾಕಿದಳು. ವಾದ ಮಾಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಎರಡು ತಿಂಗಳ ಹಿಂದೆ ಹೊಲಿಸಿದ್ದ ನನ್ನ ಬಿಳಿ ಅಂಗಿಯನ್ನು ಬಿಚ್ಚಿ ಚೇತನನಿಗೆ ತೊಡಿಸಿದೆ. ಬೂದಿ ಬಣ್ಣದ್ದನ್ನು ನಾನು ಹಾಕಿಕೊಂಡೆ. ಮೂವತ್ತು ವರ್ಷಗಳ ನಂತರ ಇನ್ನೊಬ್ಬರ ಅಂಗಿ. ಅದು ನನ್ನ ಅಳತೆಗೇ ಹೊಲಿದಂತೆ ಕೂತಿತು, ಅದೇ ನನಗೆ ಸರಿಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕಾಲರನ್ನು ಒತ್ತಿ ಒತ್ತಿ ಮಡಿಸಿಕೊಂಡು ಕೂತೆ. ಹಿಂದಿನ ಸೀಟಿನಿಂದ ಒಂದು ಕೈ ಬಂದು ಅದನ್ನು ಮೆತ್ತಗೆ ಎತ್ತಿ ನಿಲ್ಲಿಸಿತು. ಬೆಚ್ಚಿ ತಿರುಗಿದೆ. ತಲೆಗೆ ಕರಿ ಬಟ್ಟೆ ಕಟ್ಟಿದ ಒಬ್ಬ ಹುಡುಗ. "ಹಿಂಗ್ ಇರಬೇಕು ಅಂಕಲ್. ಸೂಪರ್," ಎಂದ. ಹಿಂದಿನ ಬೆಂಚಿನ ಹುಡುಗ ಕಾಲರು ಎತ್ತಿದ್ದಕ್ಕೆ ಶಾಲೆ ಬಿಟ್ಟವನು ನಾನು. ಈ ಸಲ ಬಸ್ಸು ಬಿಡಲಿಲ್ಲ. ದಾವಣಗೆರೆಯವರೆಗೂ ಹಾಗೇ ಎತ್ತಿಕೊಂಡೇ ಬಂದೆ. ಗಿರಿಜ ಬಾಗಿಲಲ್ಲಿ ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿ, "ಇನ್ನು ಕಿವಿಗೆ ರಿಂಗೊಂದು ಬಾಕಿ ಐತೆ ನೋಡ್ರಿ," ಎಂದಳು.

ಆ ವರ್ಷದ ಪರೀಕ್ಷೆ ಮುಗಿಯುವ ಹೊತ್ತಿಗೆ ಹುಡುಗರು ಆ ಗುರುತನ್ನು ಬಿಟ್ಟು ಬೇರೆ ಯಾವುದನ್ನೋ ಹಿಡಿದರು. ಮೂರನೇ ರೂಮಿಗೆ ನಾನು ಹೊಸ ಗುರುತು ಕೊಟ್ಟೆ, ಮುಕ್ಕೋನ. ಚಹಾದಂಗಡಿಯವನು ಗೋಡೆಗೆ ಸುಣ್ಣ ಬಳಿದ. ಮೂವತ್ತು ವರ್ಷದಲ್ಲಿ ಒಂದೇ ಒಂದು ತಪ್ಪು ಎಂದು ನಾನೀಗ ಲಾಯರ ಹತ್ತಿರವೂ ಹೇಳುತ್ತೇನೆ. ಒಂದೇ ಒಂದು ಎಂಬ ಮಾತನ್ನು ಸ್ವಲ್ಪ ಒತ್ತಿ. ಎಲ್ಲ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.

ಹರಿಹರದಿಂದ ಬಂದ ಮೂರನೇ ದಿನ ಚೇತನ್ ನನ್ನ ಬಿಳಿ ಅಂಗಿಯನ್ನು ಮಡಚಿ ತಂದುಕೊಟ್ಟ. ಕೂದಲು ಕತ್ತರಿಸಿಕೊಂಡಿದ್ದ. "ಥ್ಯಾಂಕ್ಸ್ ಅಂಕಲ್. ಆದ್ರೂ ನೀವು ಭಾರಿ ಇದೀರಿ ಬಿಡ್ರಿ. ನಮಗೆ ಬ್ಯಾಡ ಬ್ಯಾಡ ಅಂತ ಹೇಳಿ, ನೀವೇ ಹಾಕ್ಕೊಂಡೀರಲ್ಲ," ಎಂದ. ಏನು ಎಂದೆ. ಅವನು ನನ್ನ ಅಂಗಿಯ ಕಾಲರನ್ನು ಎತ್ತಿ ತೋರಿಸಿದ. ಮೂರು ಚುಕ್ಕೆ, ಕೆಳಗೆ ಒಂದು ಗೆರೆ. "ನೀನು ಬರ್ದಿದ್ದೇನೋ?" ಎಂದೆ. "ಇಲ್ಲ ಅಂಕಲ್, ತಾಯಾಣೆ. ಅವತ್ತು ಹೊಳ್ಯಾಗೆ ಹಾಕ್ಕೊಳ್ಳುವಾಗ್ಲೇ ಇತ್ತು," ಎಂದ. ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಪೇಂಟಿನದಾಗಿದ್ದರೆ ಉಜ್ಜಿದರೆ ಹೋಗುತ್ತಿತ್ತು. ಇದು ಕೇರುಬೀಜದ್ದು, ಬಹಳ ಸಲ ಒಗೆದು ಕಂದು ತಿರುಗಿದ್ದು. ಎರಡು ತಿಂಗಳ ಅಂಗಿಯ ಮೇಲೆ ಎಷ್ಟೋ ವರ್ಷದ ಗುರುತು. ಕೈ ಯಾರದೆಂದು ಗುರುತು ಹಿಡಿಯಲು ನನಗೆ ಕಷ್ಟವಾಗಲಿಲ್ಲ. ನನ್ನದೇ.

ಹೊಸ ಬೀಜದ ರಸ ಹೇಗೆ ನಿಲ್ಲುತ್ತದೆಂದು ನೋಡಲು ಎಂದೋ ಒಂದು ದಿನ ನಾನೇ ನನ್ನ ಕಾಲರಿಗೆ ಸೂಜಿ ಆಡಿಸಿರಬೇಕು. ಇರಬೇಕು. ಗಿರಿಜಳೂ ಹಾಗೇ ಹೇಳುತ್ತಾಳೆ, ಆದರೆ ಆ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಾಳೆ. ಹೊಳೆಗೆ ಹೋಗಿ ತಪ್ಪಾಯ್ತು ಎಂದು ಇನ್ನೊಮ್ಮೆ ಕೂಗಿದರಾಯಿತು, ದೊಡ್ಡ ಕೆಲಸವೇನಲ್ಲ. ಹಾಗಾದರೆ ಒಂದೇ ಒಂದು ತಪ್ಪು ಎನ್ನುವುದು ಎರಡಾಗುತ್ತದಲ್ಲ ಎಂದು ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ಅಲ್ಲದೆ ನಾನು ಬದುಕಿದ್ದೇನೆ ಎನ್ನುವುದಕ್ಕೆ ಬೇಕಾದಷ್ಟು ಸಾಕ್ಷಿಗಳಿವೆ. ಇಸ್ತ್ರಿಪೆಟ್ಟಿಗೆ ತಾಗಿದರೆ ಬೆರಳು ಸುಡುತ್ತದೆ, ಚಹಾ ಕುಡಿದರೆ ಬಾಯಿಗೆ ಸಿಹಿ ಹತ್ತುತ್ತದೆ, ಗಿರಿಜ ಬೈದರೆ ಕೇಳಿಸುತ್ತದೆ. ಇತ್ತೀಚೆಗೆ ಕೆಲವರು ಅಂಗಡಿಗೆ ಬಂದು ನನ್ನನ್ನು ನೋಡದವರಂತೆ, "ಯಾರೂ ಇಲ್ಲೇನ್ರಿ?" ಎಂದು ಕೇಳುತ್ತಾರೆ ನಿಜ, ಅದು ಅಂಗಡಿಯೊಳಗೆ ಬೆಳಕು ಕಡಿಮೆ ಇರುವುದರಿಂದ. ನೀವೂ ಆ ಕಡೆ ಬಂದರೆ ಕೌಂಟರಿನ ಮುಂದೆ ನಿಂತು ಒಮ್ಮೆ ಜೋರಾಗಿ "ಹಾಲೇಶಿ" ಎಂದು ಕರೆಯಿರಿ. ಖಂಡಿತ 'ಓ' ಅನ್ನುತ್ತೇನೆ. ಅದನ್ನು ಮಾತ್ರ ನೀವು ಸಾಕ್ಷಿಗೆ ಹಿಡಿಯಬೇಡಿ.